ಕರೆಪ್ಪನಿಗೆ ಸಿಕ್ಕಿದ್ದು

ಸಭೆಗೆ ಬಂದಿರುವ ಹಿರಿಯರೇ, ಬೆಟಗೇರಿಯಿಂದ ಬಂದಿರುವ ಪಾದ್ರಿಯವರೇ, ಕರೆಪ್ಪನ ಹೆಂಡತಿ, ನನಗೆ ತಂಗಿಯಂಥ ಬಾಳವ್ವ — ಎಲ್ಲರಿಗೂ ಅರ್ಜುನಪ್ಪನ ನಮಸ್ಕಾರ.

ತೀರಿಹೋದ ಕರೆಪ್ಪನನ್ನು ಹೊಗಳಿ ನಾಲ್ಕು ಮಾತು ಆಡು ಎಂದು ನನ್ನನ್ನು ನಿಲ್ಲಿಸಿದ್ದಾರೆ. ಅವನನ್ನು ನೆನೆದರೆ ನನಗೆ ಮೊದಲು ಬರುವುದು ದುಃಖವಲ್ಲ — ಹೊಟ್ಟೆಕಿಚ್ಚು. ಅದು ಮೊದಲೂ ಇತ್ತು, ಈಗಲೂ ಇದೆ. ಬಾಳವ್ವ, ಬೇಸರ ಮಾಡಿಕೊಳ್ಳಬೇಡ.

ಸಾವಿರದ ಎಂಟುನೂರ ಐವತ್ತೈದರಲ್ಲಿ ನಾವಿಬ್ಬರೂ ದೀಕ್ಷಾಸ್ನಾನ ಪಡೆದೆವು. ಮರುದಿನವೇ ಗಜೇಂದ್ರಗಡದ ನಮ್ಮ ಓಣಿ ನಮ್ಮನ್ನು ಬಿಟ್ಟಿತು. ನೇಕಾರರಿಗೆ ಅದರ ಅರ್ಥ ಗೊತ್ತು. ಹಾಸು ನೂಲನ್ನು, ಅಂದರೆ ಮಗ್ಗದ ಉದ್ದದ ಎಳೆಗಳನ್ನು, ಬೀದಿಯುದ್ದಕ್ಕೂ ಹೀಗೆ — ಈ ಗೋಡೆಯಿಂದ ಆಚೆ ಬೇವಿನ ಮರದವರೆಗೆ — ಎಳೆದು, ಗಂಜಿ ಹಚ್ಚಿ, ಬಿಸಿಲೇರುವ ಮೊದಲು ಕುಂಚದಿಂದ ತೀಡಬೇಕು. ತಡವಾದರೆ ಎಳೆಗೆ ಎಳೆ ಅಂಟಿ ಎಲ್ಲ ಹಾಳು. ಒಬ್ಬನಿಂದ ಆಗುವ ಕೆಲಸವಲ್ಲ. ಅದಕ್ಕೇ ಓಣಿಯೆಲ್ಲ ಒಬ್ಬರದಕ್ಕೆ ಒಬ್ಬರು ಬರುತ್ತಾರೆ. ನಮ್ಮದಕ್ಕೆ ಯಾರೂ ಬರಲಿಲ್ಲ. ಅವನ ಹಾಸು ಹಿಡಿಯಲು ನಾನು, ನನ್ನದಕ್ಕೆ ಅವನು.

ಮೊದಲ ದಿನ ಅವನಿಗೆ ಅಂಜಿಕೆಯಿತ್ತು. ನನಗೂ. ಅಲ್ಲಿಯವರೆಗೆ ನಾವು ಸಮ. ಆಮೇಲೆ ಅವನು ಆ ತುದಿಯಲ್ಲಿ ನಿಂತು ಮೆಲ್ಲಗೆ ಮಾತಾಡತೊಡಗಿದ.

"ಯಾರ ಕೂಡ ಮಾತಾಡಾಕತ್ತೀಯೋ?" ಎಂದೆ.

"ದೇವರ ಕೂಡ."

"ಏನಂತಾನ?"

"ಏನೂ ಅನ್ನಂಗಿಲ್ಲ. ನಾನೂ ಏನೂ ಕೇಳಂಗಿಲ್ಲ. ಇಬ್ರೂ ಕೂಡಿ ಅದೀವಿ, ಅಷ್ಟ."

"ಮತ್ತ ನಾ ಏನ್ ಗೂಟಾ ಏನು?"

"ಗೂಟಾ ಇಷ್ಟು ಮಾತಾಡಂಗಿಲ್ಲಪಾ."

ನೀವು ನಗುತ್ತೀರಿ. ನನಗೆ ನಗು ಬರಲಿಲ್ಲ. ಓಣಿ ಬಿಟ್ಟು ಅವನ ಹಾಸಿನ ತುದಿ ಹಿಡಿದವನು ನಾನು — ಅವನು ಕೂಡಿದ್ದು ದೇವರ ಜೊತೆ. ಅದೇ ಸುವಾರ್ತೆ ನಾನೂ ಕೇಳಿದವನು, ಅದೇ ನೀರಿನಲ್ಲಿ ನಾನೂ ಮುಳುಗಿದವನು. ಪ್ರಾರ್ಥನೆಯಲ್ಲಿ ಅವನಿಗಿಂತ ಹೆಚ್ಚು ಹೊತ್ತು ಮೊಣಕಾಲೂರಿದವನೂ ನಾನೇ.

ಒಂದು ದಿನ ಓಣಿಯ ಹಿರಿಯರಾದ ಪ್ರಭುಲಿಂಗಪ್ಪನವರು ನಿಂತು ಕೇಳಿದರು: "ನಿಮ್ಮಿಬ್ಬರಾಗ ಒಬ್ಬಂವ ಸತ್ತರ ಇನ್ನೊಬ್ಬನ ಹಾಸು ಯಾರ ಹಿಡೀತಾರೋ?" ನಾನು ಹಿಡಿದಿದ್ದ ತುದಿ ಸಡಿಲವಾಯಿತು. ಕರೆಪ್ಪ ಹೇಳಿದ: "ಇಂವ ಬದುಕಿದ್ದಾಗೂ ಬಿಗಿ ಹಿಡಿಯಂಗಿಲ್ರೀ ಯಜಮಾನ್ರ. ಭಾಳ ಫರಕ್ ಆಗಂಗಿಲ್ಲ." ಹೇಳಿ ನಕ್ಕ. ಆ ನಗು — ಆ ನಗು ನನಗೆ ಬೇಕಾಗಿತ್ತು.

"ನಿನ್ನ ಅಂಜಿಕಿ ಹೆಂಗ ಹೋತೋ?" ಎಂದು ಕೇಳಿಯೇಬಿಟ್ಟೆ.

"ಎಲ್ಲಿ ಹೋಗೇತಿ? ಶಿಲುಬಿಗೇರಸಾಕ ಹಿಡಕೊಂಡು ಒಯ್ದ ರಾತ್ರಿ ಅಂವನೂ ತ್ವಾಟದಾಗ ಅಂಜಿದ್ನಲ್ಲ, ಯೇಸಪ್ಪ. ನನಗ ಅಂಜಿಕಿ ಬಂದಾಗ ಮನಸಿನ್ಯಾಗ ಅಲ್ಲೇ ಹೋಗಿ ಅಂವನ ಮಗ್ಗಲಾಗ ಕುಂದರತೀನಿ. ಆಮ್ಯಾಲೆ ಅದು ನಂದೋ ಅಂವಂದೋ ತಿಳಿಯಂಗಿಲ್ಲ."

ನಾನೂ ಹೋಗಿ ಕೂತು ನೋಡಿದೆ. ನನಗೆ ಚೆನ್ನಾಗಿ ತಿಳಿಯುತ್ತದೆ — ಅಂಜಿಕೆ ನನ್ನದೇ.

ಈಗ ಜ್ವರ ಕರೆಪ್ಪನನ್ನು ಒಯ್ದಿದೆ. ಮೊನ್ನೆ ಪ್ರಭುಲಿಂಗಪ್ಪನವರು ಹೇಳಿಕಳಿಸಿದ್ದಾರೆ: "ತಿರುಗಿ ಬಾ. ಓಣಿಯೆಲ್ಲ ಬಂದು ನಿನ್ನ ಹಾಸು ಹಿಡೀತೈತಿ." ಅವರು ಕೆಟ್ಟವರಲ್ಲ. ಕರೆದದ್ದು ಪ್ರೀತಿಯಿಂದಲೇ. ಖರೇ ಹೇಳುತ್ತೇನೆ, ನನಗೆ ಆಸೆಯಾಯಿತು. ಎದ್ದು ಬಾಗಿಲವರೆಗೂ ಹೋದೆ.

ಬಾಗಿಲಲ್ಲಿ ತಡೆದದ್ದು ಭಕ್ತಿಯಲ್ಲ. ನಾನು ಹೊರಟುಹೋದರೆ ಯೇಸುವಿನ ಮಗ್ಗುಲು ಅವನೊಬ್ಬನಿಗೇ ಸಿಕ್ಕಂತಾಯಿತು. ಅದನ್ನು ನಾನು ಸಹಿಸಲಾರೆ. ಅವನು ಕೂತ ಆ ಮಗ್ಗುಲು ನನಗೂ ಬೇಕು. ಸಿಗುವವರೆಗೆ ಇಲ್ಲೇ ಇರುತ್ತೇನೆ. ನೂಲು ಅಂಟಿ ಹಾಳಾದರೆ ಆಗಲಿ. ಪ್ರಭುಲಿಂಗಪ್ಪನವರಿಗೆ ಇದೇ ನನ್ನ ಉತ್ತರ — ಅಂಜುತ್ತಲೇ ಹೇಳುತ್ತಿದ್ದೇನೆ.

ಇನ್ನು ಎಲ್ಲರೂ ಎದ್ದು ನಿಲ್ಲಬೇಕು. ಕರೆಪ್ಪನಿಗಾಗಿ ಸ್ವಲ್ಪ ಹೊತ್ತು ಸುಮ್ಮನಿರೋಣ. ಅಂಜಿಕೆ ಇದ್ದವರು ಅದು ಹೋಗಲೆಂದು ಕಾಯಬೇಡಿ — ಅದರೊಡನೆಯೇ ಏಳಿ.