ಮುಳ್ಳುತಂತಿ ಎತ್ತಿ ಹಿಡಿದವನು

ಇದು ಆಗಿದ್ದು ನಮ್ಮ ಚಿಕ್ಕಪ್ಪನ ಮಗ ಮಂಜೇಶನಿಗೆ. ಹೊಳೆನರಸೀಪುರದ ಹತ್ತಿರ, ಹೇಮಾವತಿ ದಂಡೆ ಮೇಲೆ ಅವನ ಊರು. ಊರಿಗೂ ಹೊಳೆಗೂ ನಡುವೆ ಮರಳುದಿಬ್ಬದ ಗೋಮಾಳ. ಸರ್ಕಾರಿ ಜಾಗ. ಊರ ದನವೆಲ್ಲ ಅಲ್ಲೇ ಮೇದು, ಅಲ್ಲಿಂದಲೇ ಹೊಳೆಗಿಳಿದು ನೀರು ಕುಡೀತಿದ್ದವು. ಮಂಜೇಶ ಅದಕ್ಕೆ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಬಿಗಿದ. ಒಳಗೆ ಶುಂಠಿ ಹಾಕಿದ.

ಬೀರಮ್ಮ ಅಂತ ಒಬ್ಬ ಮುದುಕಿ. ಕಂದು ಬಣ್ಣದ ನಾಟಿ ದನ ಸಾಕ್ಕೊಂಡು ಒಂಟಿಯಾಗಿದ್ದವಳು. ಬಂದು ಕೇಳಿದಳು. "ಒಂದ್ ದನ ನುಗ್ಗೋವಷ್ಟು ದಾರಿ ಬುಡಪ್ಪಾ."

"ಸುತ್ಕೊಂಡ್ ಓಗು," ಅಂದ. ಅವಳ ಮುಖ ಕೂಡ ನೋಡಲಿಲ್ಲ.

ಸುತ್ತೋಕೆ ಅವಳ ಕಾಲಲ್ಲಿ ಕಸುವಿರಲಿಲ್ಲ. ದನ ಮಾರಿದಳು. ಆ ಬೇಸಿಗೆಯಲ್ಲೇ ತೀರಿಕೊಂಡಳು.

ಹೋದ ಚಳಿಗಾಲದಲ್ಲಿ ಒಂದು ರಾತ್ರಿ... ಕರೆಂಟು ಬರೋದೇ ರಾತ್ರಿ ಹೊತ್ತು ನೋಡಿ, ಮಂಜೇಶ ಶುಂಠಿಗೆ ನೀರು ಬಿಟ್ಟು, ಮೋಟ್ರು ಆರಿಸಿ ಮನೆಗೆ ಹೊರಟಿದ್ದ. ಆಲದಮರ ದಾಟಿದ. ಬೇಲಿ ಹತ್ತಿರ ಬಂದ. ಆಚೆ ಮರಳಲ್ಲಿ ಗೊರಸಿನ ಸದ್ದು. ಸರಕ್... ಸರಕ್... ಜೊತೆಗೆ ಕೊರಳಿನ ಮರದ ಗಂಟೆ. ಲೊಟಕ್... ಲೊಟಕ್...

ಟಾರ್ಚ್ ಬಿಟ್ಟ. ಒಂದು ದನವೂ ಇಲ್ಲ. ಬೀರಮ್ಮ ನಿಂತಿದ್ದಳು. ಬೆಳಕಿಗೆ ಕಣ್ಣ ಮೇಲೆ ಕೈ ಅಡ್ಡ ಹಿಡಿದುಕೊಂಡು.

"ಯಾರಪ್ಪಾ? ಕಣ್ ಕಾಣಾಕಿಲ್ಲ ನಂಗೆ. ಈ ತಂತಿ ವಸಿ ಎತ್ತಿ ಇಡ್ಕೊ ಮಗ. ದನ ಬಾಯಾರವೆ."

ಓಡಬೇಕು ಅನ್ನಿಸಿತಂತೆ. ಆದರೂ ಕೆಳಗಿನ ತಂತಿ ತುಳಿದು, ಮೇಲಿನದನ್ನ ಎರಡೂ ಕೈಯಲ್ಲಿ ಎತ್ತಿ ಹಿಡಿದ.

ಬುಸ್ಸ್... ಬಿಸಿ ಉಸಿರು ಕತ್ತಿಗೆ ತಗುಲಿತು. ಬೆನ್ನಿಗೆ ಮೈ ಉಜ್ಜಿಕೊಂಡು ಒಂದೊಂದೇ ದಾಟಿದವು. ಕಣ್ಣಿಗೆ ಏನೂ ಇಲ್ಲ. ಆಮೇಲೆ ಹೊಳೆ ಕಡೆಯಿಂದ ನೀರು ಹೀರೋ ಸದ್ದು. ಸೊರ್ರ್... ಸೊರ್ರ್...

"ಪುಣ್ಯಾತ್ಮ. ಯಾರ ಮಗನಪ್ಪಾ ನೀನು?"

ಮಂಜೇಶನ ಬಾಯಿಗೆ ತನ್ನ ಹೆಸರೇ ಬರಲಿಲ್ಲ. "ದಾರೀಲಿ ಓಗೋನು ಕಣವ್ವಾ..." ಅಂದ, ಪಿಸುದನಿಯಲ್ಲಿ.

"ನಿನ್ ಮಕ್ಳು ಮರಿ ತಣ್ಣಗಿರ್ಲಿ."

ಇಷ್ಟು ಹೇಳಿ ಮಂಜೇಶ ನನ್ನ ಮುಂದೆ ತಲೆ ಬಗ್ಗಿಸಿ ಕೂತಿದ್ದ. "ದೆವ್ವ ಅಂತ ಎದರ್ಲಿಲ್ಲ ಕಣಣ್ಣಾ. ನಾನೇ ಅಂತ ಆಯಮ್ಮಂಗೆ ಗೊತ್ತಾಗ್ಬುಟ್ರೆ... ಅದ್ಕೆ ಎದರ್ದೆ."

ಬೆಳಗಾಗುತ್ತಲೇ ಕಂಬ ಕೀಳೋಕೆ ಶುರುಮಾಡಿದ. ಶುಂಠಿ ಇನ್ನೂ ನೆಲದಲ್ಲೇ ಇತ್ತು. ಊರವರು ಯಾಕೋ ಅಂತ ಕೇಳಿದರು. ಯಾರ ಮುಖವನ್ನೂ ನೋಡಲಿಲ್ಲ.

ಅವನ ಹೆಂಡತಿ ಕೋಮಲಾ, ಆ ರಾತ್ರಿ ಅವನು ಹಾಕಿದ್ದ ಅಂಗಿ ಒಗೆಯೋಕೆ ತೆಗೆದವಳು, ನನ್ನ ಕೈಗೆ ಕೊಟ್ಟಳು. ನಾನೇ ಹಿಡಿದು ನೋಡಿದೀನಿ, ಕಟ್ಟುಕತೆ ಅಲ್ಲ. ಊರಲ್ಲಿ ಈಗಿರೋದೆಲ್ಲ ಕಪ್ಪು ಬಿಳಿ ಸೀಮೆಹಸು. ಆ ಅಂಗಿಯ ಬೆನ್ನ ತುಂಬ ಕಂದು ಕೂದಲು ಮೆತ್ತಿತ್ತು.