ರುಚಿ ನೋಡಿದವನ ಮುಖ

ಮಾನ್ಯ ಅಧ್ಯಕ್ಷೆ ಸೊಲಾಂಜ್ ಪೆರಿಗೋ ಅವರೇ, ನನ್ನ ಪಕ್ಕದಲ್ಲಿ ಕುಳಿತು ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡ ಮೇಯರ್ ಸಾಹೇಬರೇ, ವೆರ್ನೆ ಊರಿನ ದ್ರಾಕ್ಷಿ ಬೆಳೆಗಾರರೇ, ವ್ಯಾಪಾರಿ ಮಿತ್ರರೇ, ಸಭಿಕರೇ,

ವೈನ್‌ನಲ್ಲಿ ಬೇಯುತ್ತಿರುವ ಹುಂಜದ ಪರಿಮಳ ಅಡುಗೆಮನೆಯಿಂದ ಬರುತ್ತಿರುವಾಗ ಎಪ್ಪತ್ತೆಂಟು ವರ್ಷದ ಮುದುಕನನ್ನು ಭಾಷಣಕ್ಕೆ ನಿಲ್ಲಿಸಿದ್ದೀರಿ. ಶಿಕ್ಷೆ ನನಗೋ ನಿಮಗೋ ತಿಳಿಯದು. ಸನ್ಮಾನವೆಂದು, ವೈನ್ ರುಚಿ ನೋಡುವ ಪುಟ್ಟ ಬೆಳ್ಳಿ ಬಟ್ಟಲನ್ನು ಸರಪಳಿಗೆ ಕಟ್ಟಿ ಕೊರಳಿಗೆ ಹಾಕಿದ್ದೀರಿ. ಹರಾಜಿನಲ್ಲಿ ಕಡಿಮೆ ಬೆಲೆಗೆ ಒಳ್ಳೆಯ ವೈನ್ ಹುಡುಕುವುದು ಹೇಗೆಂದು ಎಳೆಯರಿಗೆ ತಿಳಿಸಿಕೊಡಿ ಎಂದಿದ್ದೀರಿ. ಆಗಲಿ, ಹೇಳುತ್ತೇನೆ.

ಲೇಬಲ್ಲಿಗೆ ಮರುಳಾಗಬೇಡಿ. ನೆಲಮಾಳಿಗೆಯ ತೇವಕ್ಕೆ ಲೇಬಲ್ ಕೊಳೆತಿದ್ದರೆ ಸಂತೋಷಪಡಿ, ನಾವು ಕುಡಿಯುವುದು ಕಾಗದವನ್ನಲ್ಲ. ಆದರೆ ಶೀಸೆಯ ಕೊರಳಲ್ಲಿ ವೈನ್ ಎಲ್ಲಿಯವರೆಗಿದೆ ಎಂದು ಬೆಳಕಿಗೆ ಹಿಡಿದು ನೋಡಿ, ಇಳಿದಿದ್ದರೆ ಗಾಳಿ ಹೊಕ್ಕಿದೆ ಎಂದರ್ಥ. ಬೆಳೆ ಚೆನ್ನಾಗಿ ಬಂದು ಹೆಸರಾದ ವರ್ಷಗಳ ವೈನ್ ಹಿಂದೆ ಊರೆಲ್ಲ ಓಡಲಿ, ನೀವು ಕೆಟ್ಟ ವರ್ಷದಲ್ಲೂ ಒಳ್ಳೆಯ ವೈನ್ ಮಾಡಿದ ಕೈ ಯಾವುದೆಂದು ಹುಡುಕಿ. ಎಲ್ಲರಿಗೂ ಹಸಿವಾಗುವ ಹೊತ್ತಿನ ಕೊನೆಯ ಪೀಪಾಯಿಗಳಿಗಾಗಿ ಕಾಯಿರಿ. ಇಷ್ಟೇ ವಿದ್ಯೆ. ಇಷ್ಟಕ್ಕೇ ಯಾರಾದರೂ ಬೆಳ್ಳಿ ಬಟ್ಟಲು ಕೊಡುತ್ತಾರೆಯೇ?

ಕೊಡುವುದಿಲ್ಲ. ನನಗೆ ಹೆಸರು ಬಂದದ್ದು ಎಂಬತ್ತನಾಲ್ಕನೇ ಇಸವಿಯ ನಾಲ್ಕು ಪೀಪಾಯಿ ವೈನಿನಿಂದ. ಬ್ರಸೆಲ್ಸ್‌ನವರೂ ಲಂಡನ್ನಿನವರೂ "ಈ ಹಾಳು ವರ್ಷದಲ್ಲಿ ಇದನ್ನು ಎಲ್ಲಿ ಹುಡುಕಿದಿರಿ ಕೂರ್ತೋ?" ಎಂದು ನನ್ನನ್ನು ಕೇಳಿ ಬೆರಗಾದರು. ಯಾರ ವೈನೆಂದು ನಾನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ಅದು ನಮ್ಮ ಅಧ್ಯಕ್ಷೆಯ ತಾಯಿ ಓದಿಲ್ ಪೆರಿಗೋ ಅವರ ವೈನ್. ಈಗತಾನೇ ಸೊಲಾಂಜ್ ಅವರು ಸ್ವಾಗತದ ಮಾತಿನಲ್ಲಿ ಹೇಳಿದರು: "ಯಾರೂ ಕೊಳ್ಳದಿದ್ದಾಗ ನಮ್ಮ ಅಮ್ಮನ ವೈನ್ ಕೊಂಡ ಪುಣ್ಯಾತ್ಮರು ಇವರು." ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನೂ ತಲೆ ಬಾಗಿಸಿದೆ. ಆ ಚಪ್ಪಾಳೆ ಇಲ್ಲದಿದ್ದರೆ ಬಹುಶಃ ಲೇಬಲ್ಲಿನ ಮಾತು ಮುಗಿಸಿ ಊಟಕ್ಕೆ ಕೂರುತ್ತಿದ್ದೆ.

ಆ ವರ್ಷ ಮಳೆ ಬಿಟ್ಟಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಓದಿಲ್ ಅವರು ಒಬ್ಬರೇ ಮಾಡಿದ ಮೊದಲ ಸುಗ್ಗಿ ಅದು. ಉಳಿದವಾದರೂ ಚೆನ್ನಾಗಿ ಮಾಗಲೆಂದು ಅರ್ಧ ಗೊಂಚಲುಗಳನ್ನು ಕತ್ತರಿಸಿ ನೆಲಕ್ಕೆ ಚೆಲ್ಲಿದ್ದರು. ಊರು ನಕ್ಕಿತ್ತು. ನವೆಂಬರ್ ಹರಾಜಿನ ದಿನ ಬೆಳಿಗ್ಗೆ, ಪದ್ಧತಿಯಂತೆ, ನಾವು ವ್ಯಾಪಾರಿಗಳು ಪೀಪಾಯಿಯಿಂದ ಪೀಪಾಯಿಗೆ ರುಚಿ ನೋಡುತ್ತಾ ಹೋದೆವು. ಇಲ್ಲಿರುವ ಹಿರಿಯರಿಗೆ ಗೊತ್ತು, ರುಚಿ ನೋಡುವಾಗ ಅರ್ಧ ಜನ ಬಟ್ಟಲು ನೋಡುವುದಿಲ್ಲ, ಬಲ್ಲವನ ಮುಖ ನೋಡುತ್ತಾರೆ. ಆಗ ಬಲ್ಲವನೆಂದರೆ ನಾನು.

ಬಾಯಿಗೆ ಹಾಕಿಕೊಂಡೆ. ಸಭಿಕರೇ, ನನಗೆ ಕಣ್ಣು ತುಂಬಿ ಬಂತು. ಅಂಥ ವೈನ್! ಆಮೇಲೆ ಏನು ಮಾಡಿದೆ? ಮುಖ ಸಿಂಡರಿಸಿದೆ. ಉಗಿದೆ. ಬಟ್ಟಲಲ್ಲಿ ಉಳಿದದ್ದನ್ನು ಉಗಿಯಲೆಂದು ನೆಲಕ್ಕೆ ಹರಡಿದ್ದ ಮರದ ಹೊಟ್ಟಿಗೆ ಸುರಿದು, ಬಾಯಿಯ ಕೆಟ್ಟ ರುಚಿ ಕಳೆದುಕೊಳ್ಳುವವನಂತೆ ಒಂದು ತುಂಡು ರೊಟ್ಟಿ ಕೇಳಿದೆ. ಪಕ್ಕದ ವ್ಯಾಪಾರಿಯೊಬ್ಬ "ಏನ್ ಕೂರ್ತೋರೇ, ಅಷ್ಟು ಕೆಟ್ಟದಾಗಿದ್ಯಾ?" ಅಂದ. ನಾನು ಭುಜ ಕುಣಿಸಿದೆ, ಅಷ್ಟೇ. ಒಂದು ಸುಳ್ಳನ್ನೂ ಆಡಲಿಲ್ಲ. ಒಂದು ಸುಳ್ಳನ್ನೂ ಆಡಲಿಲ್ಲ ಎಂದು ನಲವತ್ತು ವರ್ಷ ನನಗೆ ನಾನೇ ಹೇಳಿಕೊಂಡೆ.

ಮಧ್ಯಾಹ್ನ ಅವರ ಪೀಪಾಯಿಗಳು ಕೊನೆಗೆ ಬಂದವು. ಎರಡು ಪುಟ್ಟ ಮೇಣದಬತ್ತಿ ಹಚ್ಚಿದರು. ಎರಡನೆಯದು ಆರುವುದರೊಳಗೆ ಕೂಗಿದ ಕೊನೆಯ ಬೆಲೆಯೇ ಬೆಲೆ. ಮೊದಲನೆಯದು ಆರಿತು, ಯಾರೂ ಬೆಲೆ ಕೂಗಲಿಲ್ಲ. ಎರಡನೆಯದು ಇನ್ನೇನು ಆರಬೇಕೆನ್ನುವಾಗ ನಾನು ಒಂದು ಬೆರಳೆತ್ತಿದೆ, ನಾಲ್ಕೂ ಪೀಪಾಯಿ ಪುಡಿಗಾಸಿಗೆ ನನ್ನವಾದವು. ಓದಿಲ್ ಅವರು ಗೋಡೆಗೆ ಒರಗಿ ನಿಂತಿದ್ದರು. ಕೈಯಲ್ಲಿ ಕರವಸ್ತ್ರ ಮುದ್ದೆಯಾಗಿತ್ತು.

ಹೊರಗೆ ಮೆಟ್ಟಿಲ ಮೇಲೆ ನನ್ನ ಕೈ ಹಿಡಿದುಕೊಂಡರು. "ನೋಡಪ್ಪಾ ಆನ್ಸೆಲ್ಮ್, ಬೆಳಿಗ್ಗೆ ನಿನ್ ಮುಖ ನೋಡಿದ್ದೆ. ನನ್ ಕೈಲಿ ಆಗಲ್ಲ ಅಂತ ಆಗ್ಲೇ ಗೊತ್ತಾಯ್ತು. ಆದ್ರೂ ಪಾಪ ಅಂತ ತಗೊಂಡ್ಯಲ್ಲ, ನಿಂದು ದೊಡ್ ಮನಸ್ಸು" ಅಂದರು. ಆಗಲಾದರೂ ಹೇಳಬಹುದಿತ್ತು. "ಇರ್ಲಿ ಬಿಡಿಯಮ್ಮಾ" ಅಂದೆ.

ವಸಂತ ಬರುವುದರೊಳಗೆ ಅವರು ಇಳಿಜಾರಿನ ತೋಟ ಮಾರಿದರು. ಹತ್ತೊಂಬತ್ತರ ಸೊಲಾಂಜ್ ದಿಜೋನ್‌ನ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದರು. ಓದಿಲ್ ಅವರು ಮತ್ತೆ ವೈನ್ ಮಾಡಲೇ ಇಲ್ಲ. ಹಣ ಹೋದದ್ದಕ್ಕೆ ಏನಾದರೂ ಪರಿಹಾರವಿದ್ದೀತು. ಆದರೆ ಅಂಥ ಕೈ ಇದ್ದವರು ಕೈಲಾಗದವಳು ಎಂದುಕೊಂಡೇ ಬದುಕಿದರು, ನನ್ನ ಮುಖ ನಂಬಿ. ಪ್ರತಿ ಕ್ರಿಸ್‌ಮಸ್ಸಿಗೆ ನನ್ನ ಮನೆಗೆ ಕಪ್ಪು ದ್ರಾಕ್ಷಿಯ ಜಾಮ್ ಕಳಿಸುತ್ತಿದ್ದರು. ನಾನು ಅದನ್ನು ಬೆಣ್ಣೆ ಹಚ್ಚಿದ ರೊಟ್ಟಿಗೆ ಸವರಿಕೊಂಡು ತಿಂದೆ. ನಾಚಿಕೆಗೆಟ್ಟವನು, ಕಳೆದ ವರ್ಷದ ಶೀಸೆಯನ್ನೂ ಬಳಿದು ತಿಂದೆ. ಈ ಏಪ್ರಿಲ್‌ನಲ್ಲಿ ಅವರು ಹೋದರು. ಶವಪೆಟ್ಟಿಗೆಯ ಹಿಂದೆ ನಡೆಯುವಾಗಲೂ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ.

ಮೇಯರ್ ಸಾಹೇಬರೇ, ಇನ್ನು ಎರಡೇ ನಿಮಿಷ.

ಈ ಮೇಜಿನ ಮೇಲಿರುವ ಲೇಬಲ್ ಇಲ್ಲದ ಶೀಸೆ ಆ ನಾಲ್ಕು ಪೀಪಾಯಿಗಳದು. ನನ್ನ ಮಾಳಿಗೆಯಲ್ಲಿ ಇನ್ನು ಹನ್ನೊಂದಿವೆ, ಅವು ನಾಳೆ ಪೆರಿಗೋ ಮನೆ ಸೇರುತ್ತವೆ. ಇಂದು ಬೆಳಿಗ್ಗೆ ಬರುವಾಗ ಇದನ್ನು ನಿಮ್ಮೊಂದಿಗೆ ಕುಡಿದು ಜಂಬ ಕೊಚ್ಚಿಕೊಳ್ಳಬೇಕೆಂದಿದ್ದೆ. ಅದನ್ನೂ ಒಪ್ಪಿಕೊಳ್ಳುತ್ತೇನೆ. ಈ ಬೆಳ್ಳಿ ಬಟ್ಟಲನ್ನು ಕೊರಳಿಂದ ತೆಗೆದು ಶೀಸೆಯ ಪಕ್ಕ ಇಟ್ಟಿದ್ದೇನೆ.

ಸೊಲಾಂಜ್ ಅವರೇ, ನಾಲ್ಕೂ ಪೀಪಾಯಿ ನಾನೇ ಹೊತ್ತೊಯ್ದದ್ದರಿಂದ ನಿಮ್ಮ ಅಮ್ಮನ ಆ ವೈನನ್ನು ನೀವು ಒಮ್ಮೆಯೂ ಕುಡಿದಿಲ್ಲವೆಂದು ನನಗೆ ಗೊತ್ತು. ಈ ಬಟ್ಟಲಲ್ಲಿ ಮೊದಲ ಗುಟುಕು ನಿಮ್ಮದು. ನನ್ನ ಕಡೆ ನೋಡಬೇಡಿ. ನಾನು ತಲೆ ತಗ್ಗಿಸಿ ನಿಂತಿರುತ್ತೇನೆ. ಸಭಿಕರೇ, ನೀವೂ ನನ್ನ ಕಡೆ ನೋಡಬೇಡಿ, ಅವರ ಮುಖ ನೋಡಿ. ಆ ವೈನ್ ಹೇಗಿತ್ತೆಂದು ವೆರ್ನೆ ಊರಿಗೆ ಇವತ್ತಾದರೂ ತಿಳಿಯಲಿ.

ಇಷ್ಟು ಹೊತ್ತು ಹಸಿದುಕೊಂಡು ಕೇಳಿದ ನಿಮಗೆಲ್ಲ ವಂದನೆಗಳು. ಓದಿಲಮ್ಮಾ, ತಡವಾಯಿತು. ನಮಸ್ಕಾರ.