ಒಡೆದ ಕಿಟಕಿಯ ದೂರು

ಜಿಬ್ರಾಲ್ಟರ್‌ನ ಬಸ್ ನಿಲ್ದಾಣದಲ್ಲಿ ಲಿಯಾಂಡ್ರೊನ ಪಕ್ಕದಲ್ಲೇ ಅಕ್ಕತಂಗಿಯರಿಬ್ಬರು ನಿಂತಿದ್ದರು. ಬೇಡವೆಂದರೂ ಅವರ ಮಾತು ಅವನ ಕಿವಿಗೆ ಬೀಳುತ್ತಿತ್ತು.

“ಆ ಕಳ್ಳಸಾಗಣೆಯವರ ಸಿಗರೇಟಿನ ಪೆಟ್ಟಿಗೆಗಳನ್ನ ಸ್ವಲ್ಪ ದಿನ ಇಟ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು, ನೊಯೆಲಿಯಾ?”

“ನನ್ನ ಮನೆ ಗೋದಾಮಲ್ಲ ಅಕ್ಕಾ.”

“ಊರೆಲ್ಲ ಇಟ್ಕೊಳ್ಳುತ್ತೆ. ಈಗ ನೋಡು, ಕಿಟಕಿ ಒಡೆದು ಹೋದ್ರು.”

“ಒಡೀಲಿ ಬಿಡು. ಗಾಳಿ ಚೆನ್ನಾಗಿ ಬರ್ತಿದೆ.”

“ಈಗ ಪೊಲೀಸರ ಹತ್ರ ದೂರು ಕೊಡೋಕೆ ಹೋದ್ರೆ ನಾಳೆ ಬಾಗಿಲೂ ಒಡೀತಾರೆ ಕಣೇ!”

“ಹೆದರ್ಕೊಂಡೇ ಅಲ್ವಾ ಅಪ್ಪ ಆ ಜನರ ದೋಣಿ ಓಡಿಸಿದ್ದು? ಕೊನೆಗೆ ಜೈಲಿಗೆ ಹೋಗಿದ್ದು ಯಾರು, ಅವರಾ?”

ಬಸ್ಸು ಬಂತು; ಲಿಯಾಂಡ್ರೊ ಕಾಯುತ್ತಿದ್ದದ್ದು ಅದಲ್ಲ. ನೊಯೆಲಿಯಾ ಹಿಂತಿರುಗಿ ನೋಡದೆ ಹತ್ತಿದಳು.

“ಇರೇ, ನಾನೂ ಬರ್ತೀನಿ,” ಎನ್ನುತ್ತ ಅಕ್ಕ ಲಂಗ ಎತ್ತಿಕೊಂಡು ಹಿಂದೆಯೇ ಹತ್ತಿದಳು. “ದೂರಲ್ಲಿ ಬರೆಸೋಕೆ ಅವರ ಹೆಸರೆಲ್ಲ ನಿನಗೆಲ್ಲಿ ಗೊತ್ತು?”